ಗೊಂಬೆಯ ಲಂಗದ ಎರಡು ಮುಖಗಳು

ಸ್ಮರಣ ಸಂಚಿಕೆಯೆಂದರೆ ಶಾಲೆಯ ಕಟ್ಟಡ, ಪರೀಕ್ಷಾಫಲ, ಉಪಕಾರಿಗಳ ಔದಾರ್ಯ ಮುಂತಾದ ವಿಷಯಗಳಿಗೆ ಮೀಸಲಾಗಿರತಕ್ಕದ್ದೆಂಬ ವಾಡಿಕೆಯುಂಟು. ಅವುಗಳನ್ನು ಇತರರು ಈ ಸಂಚಿಕೆಯಲ್ಲಿಯೇ ನಮಗಿಂತ ಚೆನ್ನಾಗಿ ಬರೆದಿರುವುದರಿಂದ, ನಾವು ಗೊಂಬೆಯ ಬಟ್ಟೆಯ ವಿಷಯವಾಗಿ ನಾಲ್ಕು ಮಾತು ಬರೆಯಲು ವಾಚಕರ ಅಪ್ಪಣೆ ಬೇಡುತ್ತೇವೆ. ಮುಖ್ಯೋಪಾಧ್ಯಾಯಿನಿಗೆ ಬೇರೆ ಕೆಲಸವಿಲ್ಲವೇ ಎಂದು ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಪ್ರತಿ ವರ್ಷವೂ ಜೂನ್ ತಿಂಗಳಲ್ಲಿ ಒಬ್ಬಿಬ್ಬರು ತಂದೆತಾಯಂದಿರು ನಮ್ಮ ಕೊಠಡಿಗೆ ಬಂದು, ಹೊಲಿಗೆಯ ಪೀರಿಯಡನ್ನು ತೆಗೆದು ಗಣಿತಕ್ಕೆ ಕೊಡಬಾರದೇ ಎಂದು ವಿನಯದಿಂದಲೇ ಕೇಳುವುದುಂಟು. ಬಾಯಿಮಾತಿನಲ್ಲಿ ಅವರಿಗೆ ಸರಿಯಾದ ಉತ್ತರ ಕೊಡಲು ನಮಗೆ ಇದುವರೆಗೆ ಸಾಧ್ಯವಾಗಿಲ್ಲ. ಇದನ್ನು ಆ ಉತ್ತರವೆಂದು ಅವರು ತಿಳಿಯಬಹುದು.

ಸುಮಾರು ಹನ್ನೆರಡು ವರ್ಷಗಳ ಹಿಂದೆ, ನಾವಿನ್ನೂ ಸಹಾಯಕ ಉಪಾಧ್ಯಾಯಿನಿಯಾಗಿದ್ದು ಎಂಟನೆಯ ತರಗತಿಯ ಜವಾಬ್ದಾರಿಯನ್ನು ಹೊತ್ತಿದ್ದಾಗ, ಒಬ್ಬ ಬಾಲಿಕೆಯು ತನ್ನ ಚೀಲದಲ್ಲಿ ಒಂದು ವಿದೇಶೀ ಗೊಂಬೆಯನ್ನು ತಂದು ಡೆಸ್ಕಿನ ಕೆಳಗೆ ಗೆಳತಿಯರಿಗೆ ತೋರಿಸುತ್ತಿದ್ದುದು ನಮ್ಮ ಕಣ್ಣಿಗೆ ಬಿತ್ತು. ಎಂಟನೆಯ ತರಗತಿಯವಳಿಗೂ ಗೊಂಬೆಯೇ ಎಂದು ಗದರಿಸಿ, ಅದನ್ನು ಕಸಿದುಕೊಂಡು, ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ತಾಯಿಯನ್ನು ಕರೆದುಕೊಂಡು ಬಂದರೆ ಕೊಡುವೆವೆಂದು ಹೇಳಿದೆವು. ಹುಡುಗಿ ತಾಯಿಯನ್ನು ಕರೆತರಲಿಲ್ಲ. ಏಕೆ ಕರೆತರಲಿಲ್ಲವೆಂದು ವಿಚಾರಿಸುವ ತಾಳ್ಮೆ ನಮಗಿರಲಿಲ್ಲ. ಅದರ ಫಲವೇನಾಯಿತೆಂಬುದನ್ನು ಮುಂದೆ ಹೇಳುತ್ತೇವೆ.

ಒಂದು ಸಂಜೆ ಉತ್ತರಪತ್ರಿಕೆಗಳನ್ನು ತೆಗೆಯಲು ಬೀರು ತೆರೆದಾಗ ಗೊಂಬೆಯು ಕೆಳಗೆ ಬಿದ್ದಿತು. ಎತ್ತಿಕೊಂಡು ಧೂಳು ಕೊಡಹುವಾಗ ಅದರ ಗುಲಾಬಿ ಬಣ್ಣದ ಲಂಗದ ಒಳಮೈ ಹೊಳೆದುದನ್ನು ಕಂಡು ನಮಗೆ ಆಶ್ಚರ್ಯವಾಯಿತು. ಹೊಲಿಗೆ ಕಲಿಸುವವರಿಗೆ ಬಟ್ಟೆಯ ಒಳಮೈಯನ್ನು ನೋಡದೆ ಬಿಡುವುದು ಕಷ್ಟ. ಸಾಧಾರಣವಾಗಿ ಒಳಗೆ ಕಾಣುವ ಮಡಿಕೆ, ನೂಲಿನ ತುದಿ, ಕತ್ತರಿಯ ಗುರುತು ಯಾವುದೂ ಅಲ್ಲಿರಲಿಲ್ಲ. ಲಂಗವನ್ನು ಬಿಚ್ಚಿ ಒಳಹೊರಗು ಮಾಡಿ ತೊಡಿಸಿದೆವು. ಬಿಳಿಯ ಅಂಚಿನ ಕೋಟನ್ನು ತೆಗೆದೆವು. ಕಚೇರಿಗೆ ಹೊರಟು ನಿಂತಿದ್ದವಳು ಒಂದು ನಿಮಿಷದೊಳಗೆ ಔತಣಕ್ಕೆ ಹೊರಟವಳಾದಳು! ಬಟ್ಟೆ ಮಾತ್ರ ಒಂದೇ.

ಅದು ಮ್ಯಾಟೆಲ್ ಎಂಬ ಅಮೆರಿಕದ ಕಂಪೆನಿಯು ೧೯೮೫ರಲ್ಲಿ ಮಾರಾಟಕ್ಕಿಟ್ಟ ಬಾರ್ಬಿ ಗೊಂಬೆ. 'ಡೇ ಟು ನೈಟ್', ಅಂದರೆ ಹಗಲಿನಿಂದ ಇರುಳಿಗೆ, ಎಂಬುದು ಅದರ ಹೆಸರು. ಅದರ ಜೊತೆಗೆ ಕಾಗದಪತ್ರದ ಕೈಪೆಟ್ಟಿಗೆ, ಲೆಕ್ಕ ಮಾಡುವ ಯಂತ್ರ, ಟೋಪಿ ಮುಂತಾದವು ಬರುತ್ತಿದ್ದವು. ನಮ್ಮ ಕೈಗೆ ಸಿಕ್ಕಿದ್ದರ ಜೊತೆಗೆ ಅವು ಯಾವುವೂ ಇರಲಿಲ್ಲ. ಹೆಂಗಸರು ಕಚೇರಿಗಳಲ್ಲಿ ಮೇಲಿನ ಹುದ್ದೆಗಳಿಗೆ ಬರುತ್ತಿದ್ದ ಕಾಲವದು. ಹುಡುಗಿಯರಾದ ನಾವು ಏನನ್ನೂ ಮಾಡಬಲ್ಲೆವೆಂಬ ಅರ್ಥದ ಮಾತಿನಿಂದ ಕಂಪೆನಿಯು ಆಗ ಜಾಹೀರಾತು ನಡೆಸಿತು. ಜಾಹೀರಾತಿನ ಮಾತನ್ನು ನಾವು ಸುಲಭವಾಗಿ ನಂಬುವವರಲ್ಲ. ಆದಾಗ್ಯೂ ಆ ಲಂಗವನ್ನು ಕತ್ತರಿಸಿ ಹೊಲಿದವರ ಬುದ್ಧಿಯನ್ನು ಮೆಚ್ಚದೆ ಇರಲಾಗಲಿಲ್ಲ.

ಒಂದೇ ಗೊಂಬೆಗೆ ಹಲವು ರೂಪ ಕೊಡುವ ಈ ವಿದ್ಯೆ ಹೊಸದೇನೂ ಅಲ್ಲ. ೧೮೧೦ರಲ್ಲಿ ಲಂಡನ್ ನಗರದ ಫುಲ್ಲರ್ ಎಂಬವರ ಅಂಗಡಿಯು 'ಲಿಟಲ್ ಫ್ಯಾನಿ' ಎಂಬ ಹುಡುಗಿಯ ಕಥೆಯ ಪುಟ್ಟ ಪುಸ್ತಕವೊಂದನ್ನು ಪ್ರಕಟಿಸಿತು. ಅದರೊಂದಿಗೆ ಕಾಗದದಲ್ಲಿ ಕತ್ತರಿಸಿದ ಏಳು ಉಡುಪುಗಳಿದ್ದವು, ತಲೆ ಮಾತ್ರ ಒಂದೇ. ಕಥೆ ಮುಂದುವರಿದ ಹಾಗೆ ಆ ತಲೆಯನ್ನು ಒಂದು ಉಡುಪಿನಿಂದ ತೆಗೆದು ಮತ್ತೊಂದಕ್ಕೆ ಸಿಕ್ಕಿಸಬೇಕು. ಡಂಭದ ಹುಡುಗಿಯಾದ ಫ್ಯಾನಿಯು ಹೇಳದೆ ಕೇಳದೆ ಹೊರಗೆ ಹೋಗಿ, ಒಳ್ಳೆಯ ಬಟ್ಟೆಯನ್ನು ಕಳಕೊಂಡು, ಭಿಕ್ಷೆಗಿಳಿದು, ಆಮೇಲೆ ದುಡಿದು ತಿರುಗಿ ಮನೆ ಸೇರುತ್ತಾಳೆ. ಮಕ್ಕಳಿಗೆ ಕಥೆಯ ನೀತಿಗಿಂತ ತಲೆ ಸಿಕ್ಕಿಸುವ ಆಟವೇ ಹೆಚ್ಚು ರುಚಿಸಿರಬೇಕೆಂದು ನಮ್ಮ ಊಹೆ.

ಬಟ್ಟೆಯ ಕೆಲಸಕ್ಕೆ ಬಂದರೆ ಫ್ರಾನ್ಸ್ ದೇಶದ ಹೆಸರನ್ನು ಮೊದಲು ಹೇಳಬೇಕು. ೧೮೫೧ರ ಲಂಡನ್ ಮಹಾ ಪ್ರದರ್ಶನದಲ್ಲಿ ಪ್ಯಾರಿಸಿನ ಝ್ಯುಮೋ ಎಂಬ ಗೊಂಬೆ ತಯಾರಕರಿಗೆ ಪದಕ ದೊರೆತಾಗ, ತೀರ್ಪುಗಾರರು ಹೊಗಳಿದ್ದು ಗೊಂಬೆಗಳನ್ನಲ್ಲ, ಅವು ತೊಟ್ಟಿದ್ದ ಉಡುಪುಗಳನ್ನು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪ್ಯಾರಿಸಿನ ಗೊಂಬೆಗಳು ಪ್ರಾಯದ ಸ್ತ್ರೀಯರ ರೂಪದಲ್ಲಿ, ಪೆಟ್ಟಿಗೆ ತುಂಬ ಬಟ್ಟೆಯೊಂದಿಗೆ, ಶ್ರೀಮಂತರ ಮನೆಗಳನ್ನು ಸೇರಿದವು. ೧೮೬೩ರಲ್ಲಿ 'ಲಾ ಪುಪೆ ಮಾಡೆಲ್' ಎಂಬ ಮಾಸಪತ್ರಿಕೆ ಹೊರಟಿತು. ಗೊಂಬೆಯ ಬಟ್ಟೆಯನ್ನು ಹುಡುಗಿಯರು ತಾವೇ ಹೊಲಿಯುವುದಕ್ಕೆ ಅದರಲ್ಲಿ ನಮೂನೆಗಳನ್ನು ಕೊಡುತ್ತಿದ್ದರು. ಆ ಕಾಲದ ಸ್ತ್ರೀಯರ ಉಡುಪಿನಲ್ಲಿ ಒಂದು ಜಾಣತನವಿತ್ತು. ಅಗಲವಾದ ಲಂಗಕ್ಕೆ ಗಜಗಟ್ಟಲೆ ರೇಷ್ಮೆ ಬೇಕಾದುದರಿಂದ ಲಂಗವನ್ನು ಒಂದೇ ಹೊಲಿಸಿ, ಅದೇ ಬಟ್ಟೆಯಲ್ಲಿ ರವಿಕೆಯನ್ನು ಮಾತ್ರ ಎರಡು ಮಾಡಿಸುತ್ತಿದ್ದರು. ಹಗಲಿಗೆ ಕತ್ತು ಮುಚ್ಚಿದ ತುಂಬು ತೋಳಿನದೊಂದು; ಸಂಜೆಗೆ ತೆರೆದ ಕತ್ತಿನ ಗಿಡ್ಡ ತೋಳಿನದೊಂದು. ಹಣವಂತರ ಮನೆಯಲ್ಲಿಯೂ ಇಂಥ ಉಳಿತಾಯವಿತ್ತೆಂಬುದನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರು ಮದುವೆಯ ಜವಳಿ ತೆಗೆಯುವಾಗ ನೆನೆಸಿಕೊಳ್ಳಲಿ.

ಬಾರ್ಬಿಯು ೧೯೫೯ರ ಮಾರ್ಚ್ ೯ರಂದು ನ್ಯೂಯಾರ್ಕಿನ ಆಟಿಕೆ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಳು. ಗೊಂಬೆಯ ಬೆಲೆ ೩ ಡಾಲರ್. ಬಟ್ಟೆಯನ್ನು ಬೇರೆಯಾಗಿ ಕೊಳ್ಳಬೇಕು. ವ್ಯಾಪಾರದ ಗುಟ್ಟು ಅಲ್ಲಿಯೇ ಇತ್ತು. ಗೊಂಬೆಯನ್ನು ಒಮ್ಮೆ ಕೊಂಡರೆ ಸಾಕು, ಬಟ್ಟೆಯ ಖರ್ಚು ಮಾತ್ರ ತೀರುವುದಿಲ್ಲ. ಹಾಗಿದ್ದರೂ ಆ ಮೊದಲನೆಯ ವರ್ಷದ ಉಡುಪುಗಳಲ್ಲಿಯೇ 'ಕಮ್ಯೂಟರ್ ಸೆಟ್' ಎಂಬುದೊಂದಿತ್ತು. ಕಡುನೀಲಿಯ ಕೋಟು ಲಂಗ ಒಂದೇ. ಒಳಗೆ ತೊಡಲು ಬಿಳಿಯ ಸ್ಯಾಟಿನ್ನಿನ ರವಿಕೆಯೊಂದು, ಚೌಕುಳಿಯದೊಂದು. ಹಳೆಯ ಫ್ರೆಂಚ್ ಪದ್ಧತಿಯೇ ತಿರುಗಿ ಬಂದಿತೆನ್ನಬೇಕು. ೧೯೮೫ರ ಲಂಗವು ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಬದಲಿ ಬಟ್ಟೆಯೇ ಇಲ್ಲ. ಒಂದು ಉಡುಪು ಇನ್ನೊಂದರ ಹೊಟ್ಟೆಯೊಳಗಿದೆ.

ಇದನ್ನು ಹೊಲಿಯುವುದು ಸುಲಭವೆಂದು ತೋರುತ್ತದೆ. ನಮಗೂ ಹಾಗೆಯೇ ತೋರಿತ್ತು. ಎರಡು ಬಣ್ಣದ ಬಟ್ಟೆಯನ್ನು ಬೆನ್ನಿಗೆ ಬೆನ್ನು ಸೇರಿಸಿದರಾಯಿತೆಂದು ಎಂಟನೆಯ ತರಗತಿಯವರಿಗೆ ಧೈರ್ಯವಾಗಿ ಹೇಳಿ, ಒಂದು ಶನಿವಾರ ಕೆಲಸಕ್ಕೆ ತೊಡಗಿಸಿದೆವು. ಇಪ್ಪತ್ತೆಂಟು ಹುಡುಗಿಯರು ನೆರಿಗೆ ಹಿಡಿದು ಇಪ್ಪತ್ತೆಂಟು ಲಂಗಗಳನ್ನು ಹೊಲಿದರು. ಅವುಗಳಲ್ಲಿ ಒಂದೂ ಲಂಗದ ಹಾಗೆ ಕಾಣಲಿಲ್ಲ. ಗೊಂಬೆಯ ಸೊಂಟಕ್ಕೆ ಹಾಸಿಗೆಯನ್ನು ಸುತ್ತಿದಂತೆ ಉಬ್ಬಿ ನಿಂತವು.

ಕಾರಣವೇನೆಂದರೆ, ಗೊಂಬೆಯನ್ನು ಚಿಕ್ಕದಾಗಿ ಮಾಡಬಹುದು, ಬಟ್ಟೆಯ ದಪ್ಪವನ್ನು ಚಿಕ್ಕದು ಮಾಡಲಾಗದು. ಬಾರ್ಬಿಯ ಎತ್ತರ ಸುಮಾರು ೨೯ ಸೆಂಟಿಮೀಟರ್, ಅಂದರೆ ಸ್ತ್ರೀಯೊಬ್ಬಳ ಎತ್ತರದ ಆರನೆಯ ಒಂದು ಪಾಲು. ಕಾಲು ಮಿಲಿಮೀಟರ್ ದಪ್ಪದ ಸಾಧಾರಣ ಹತ್ತಿಬಟ್ಟೆಯನ್ನು ಅವಳು ತೊಟ್ಟರೆ, ನಾವು ಒಂದೂವರೆ ಮಿಲಿಮೀಟರ್ ದಪ್ಪದ ಕಂಬಳಿಯನ್ನು ಹೊಲಿಸಿ ತೊಟ್ಟಂತೆ ಆಗುತ್ತದೆ. ಅವಳ ಸೊಂಟದ ಸುತ್ತಳತೆ ಸುಮಾರು ೯ ಸೆಂಟಿಮೀಟರ್. ಎರಡು ಬಟ್ಟೆ, ಹೊಲಿಗೆಗೆ ಮಡಿಚಿದರೆ ನಾಲ್ಕು ಪದರ, ನೆರಿಗೆ ಹಿಡಿದರೆ ಎಂಟು. ಎಂಟು ಪದರಕ್ಕೆ ೨ ಮಿಲಿಮೀಟರ್ ದಪ್ಪ. ವೃತ್ತದ ಲೆಕ್ಕದಿಂದ ಸುತ್ತಳತೆಯು ಹನ್ನೆರಡೂವರೆ ಮಿಲಿಮೀಟರ್‌ನಷ್ಟು ಹೆಚ್ಚುತ್ತದೆ. ಮನುಷ್ಯರ ಅಳತೆಗೆ ಅದನ್ನು ಆರರಿಂದ ಗುಣಿಸಿದರೆ ಏಳೂವರೆ ಸೆಂಟಿಮೀಟರ್, ಹೆಚ್ಚುಕಡಮೆ ಮೂರು ಇಂಚು! ಆ ಗೊಂಬೆಯ ಸೊಂಟವು ಪ್ರಕೃತಿಗೆ ಮೀರಿ ಸಣ್ಣಗಿದೆಯೆಂಬ ಆಕ್ಷೇಪಣೆ ಬಹುಕಾಲದ್ದು, ಅದು ನ್ಯಾಯವಾದುದೂ ಹೌದು. ಬಟ್ಟೆಯ ಪದರಗಳಿಗೆ ಎಡೆ ಬೇಕಾಗಿತ್ತೆಂಬುದು ಅದಕ್ಕೆ ಹೇಳಲಾದ ಕಾರಣಗಳಲ್ಲಿ ಒಂದು. ೨೦೧೬ರಲ್ಲಿ ಕಂಪೆನಿಯು ತುಂಬಿದ ಮೈಯ, ಎತ್ತರದ, ಗಿಡ್ಡ ದೇಹದ ಬಾರ್ಬಿಗಳನ್ನೂ ತಂದಿತು. ಆಗ ಒಬ್ಬಳ ಲಂಗ ಇನ್ನೊಬ್ಬಳಿಗೆ ಹಿಡಿಸದ ಹೊಸ ತೊಂದರೆ ಹುಟ್ಟಿತು.

ದೊಡ್ಡ ಗೊಂಬೆಗಾದರೆ ಈ ಕಷ್ಟವಿಲ್ಲ. ಯುದ್ಧದ ಕೊನೆಯಲ್ಲಿ, ೧೯೪೫ರಲ್ಲಿ, ಬಟ್ಟೆಗೆ ಬರ ಬಂದಿದ್ದಾಗ ಪ್ಯಾರಿಸಿನ ಪ್ರಸಿದ್ಧ ದರ್ಜಿಗಳು ತಂತಿಯಿಂದ ಮಾಡಿದ ಇನ್ನೂರಕ್ಕಿಂತ ಹೆಚ್ಚು ಗೊಂಬೆಗಳಿಗೆ ಉಡುಪು ತೊಡಿಸಿ ಪ್ರದರ್ಶಿಸಿದರು. ಅವುಗಳ ಎತ್ತರ ಸುಮಾರು ೭೦ ಸೆಂಟಿಮೀಟರ್. ಆ ಅಳತೆಯಲ್ಲಿ ಗುಂಡಿಗೆ ನಿಜವಾದ ಕಾಜವನ್ನೂ ತೆಗೆಯಬಹುದು, ತೆಗೆದೂ ಇದ್ದರು. ನಮ್ಮ ಹುಡುಗಿಯರ ಕೈಯಲ್ಲಿದ್ದುದು ಅದರ ಅರ್ಧಕ್ಕಿಂತಲೂ ಚಿಕ್ಕದು.

ಸೋತ ಲಂಗಗಳನ್ನು ಮುಂದಿಟ್ಟುಕೊಂಡು ಕುಳಿತಾಗ, ಲೆಕ್ಕದಲ್ಲಿ ಹಿಂದೆ ಬಿದ್ದಿದ್ದ ಒಬ್ಬ ಹುಡುಗಿಯು ಒಂದು ಪ್ರಶ್ನೆಯನ್ನು ಹಾಕಿದಳು. ನೆರಿಗೆಯೇ ತೊಂದರೆಯಾದರೆ ನೆರಿಗೆಯಿಲ್ಲದ ಲಂಗ ಆಗದೇ? ಆಗುತ್ತದೆ. ಬಟ್ಟೆಯನ್ನು ರೊಟ್ಟಿಯ ಹಾಗೆ ದುಂಡಗೆ ಕತ್ತರಿಸಿ ನಡುವೆ ಸೊಂಟಕ್ಕೆ ತೂತು ಮಾಡಿದರೆ, ಕೆಳಗೆ ಘೇರು ತಾನಾಗಿ ಬೀಳುತ್ತದೆ, ಮೇಲೆ ಒಂದೂ ನೆರಿಗೆ ಬೇಡ. ತೂತು ಎಷ್ಟು ದೊಡ್ಡದಿರಬೇಕು? ಸೊಂಟ ೯, ಸಡಿಲಕ್ಕೆ ೧, ಒಟ್ಟು ೧೦ ಸೆಂಟಿಮೀಟರ್ ಪರಿಧಿ. ಅದರ ತ್ರಿಜ್ಯ ೧.೬. ಹೊಲಿಗೆಗೆ ಅರ್ಧ ಸೆಂಟಿಮೀಟರ್ ಬಿಡಬೇಕಾದುದರಿಂದ ೧.೧ರಲ್ಲಿ ಕತ್ತರಿಸಬೇಕು. ಲಂಗದ ಉದ್ದ ೧೦ ಎಂದಿಟ್ಟುಕೊಂಡರೆ ಹೊರಗಿನ ತ್ರಿಜ್ಯ ೧೨.೧. ಇಪ್ಪತ್ತೈದು ಸೆಂಟಿಮೀಟರ್ ಚೌಕದ ಬಟ್ಟೆ ಸಾಕು, ಅಂದರೆ ಹೆಂಗಸರ ಒಂದು ಕರವಸ್ತ್ರ. ತ್ರಿಜ್ಯವನ್ನು ಕಂಡುಹಿಡಿಯಿರಿ ಎಂದು ಗಣಿತದ ಪುಸ್ತಕವು ಕೇಳಿದಾಗ ಬಾಯಿ ತೆರೆಯದಿದ್ದ ಆ ಹುಡುಗಿ ಇಲ್ಲಿ ಎಲ್ಲರಿಗಿಂತ ಮೊದಲು ಹೇಳಿದಳು, ಏಕೆಂದರೆ ತಪ್ಪಿದರೆ ಕರವಸ್ತ್ರ ಹಾಳಾಗುತ್ತಿತ್ತು.

ಮಿಕ್ಕ ಕ್ರಮವನ್ನು ಮನೆಯಲ್ಲಿ ಮಾಡಿನೋಡುವವರಿಗಾಗಿ ಬರೆಯುತ್ತೇವೆ. ತೊಳೆದು ಮೆತ್ತಗಾದ ಹಳೆಯ ಮಲ್ಲು ಬಟ್ಟೆಯದೊಂದು, ತೆಳುವಾದ ರೇಷ್ಮೆಯದೊಂದು, ಹೀಗೆ ಎರಡು ವೃತ್ತಗಳನ್ನು ಒಂದೇ ಅಳತೆಗೆ ಕತ್ತರಿಸಿ, ಸೊಂಟದಿಂದ ಅಂಚಿನವರೆಗೆ ಎರಡರಲ್ಲಿಯೂ ಸೀಳಿರಿ. ಹೊರಮೈಗಳು ಒಂದಕ್ಕೊಂದು ಎದುರಾಗಿರುವಂತೆ ಇಟ್ಟು, ಕೆಳಗಿನ ಅಂಚನ್ನೂ ಸೀಳಿನ ಎರಡು ಕಡೆಗಳನ್ನೂ ಹೊಲಿಯಿರಿ. ಅಂಚಿನ ಹೊಲಿಗೆಯ ಹೊರಗೆ ಉಳಿದ ಬಟ್ಟೆಯನ್ನು ಅಲ್ಲಲ್ಲಿ ಕತ್ತರಿಯಿಂದ ಕಚ್ಚು ಮಾಡದಿದ್ದರೆ ಅದು ತಿರುವಿದ ಮೇಲೆ ಗಂಟುಗಟ್ಟುತ್ತದೆ. ಆಮೇಲೆ ಸೊಂಟದ ತೂತಿನಿಂದ ಒಳಗನ್ನು ಹೊರಗೆ ಎಳೆದು ಇಸ್ತ್ರಿ ಮಾಡಬೇಕು. ಹೊಲಿಗೆಯು ಸರಿಯಾಗಿ ಅಂಚಿನ ಮೇಲೆಯೇ ಕುಳಿತುಕೊಳ್ಳಬೇಕು, ಇಲ್ಲವಾದರೆ ಒಂದು ಬಣ್ಣವು ಇನ್ನೊಂದರ ಕೆಳಗಿಂದ ಇಣಿಕುವುದು. ಅದಕ್ಕೆ ಅಂಜುವವರು ಎರಡು ಬಟ್ಟೆಯ ನಡುವೆ ಸಪೂರ ಲೇಸನ್ನು ಸೇರಿಸಿ ಹೊಲಿದರೆ, ಅದು ಎರಡು ಮುಖಕ್ಕೂ ಒಪ್ಪುವ ಅಂಚಾಗುತ್ತದೆ.

ಇಷ್ಟೆಲ್ಲ ಆದರೂ ಒಂದು ಕಷ್ಟ ಉಳಿಯಿತು. ಲಂಗವನ್ನು ಸೊಂಟದಲ್ಲಿ ಬಿಗಿಯುವುದು ಹೇಗೆ? ಹುಕ್ಕನ್ನು ಒಂದು ಮುಖಕ್ಕೆ ಹಾಕಿದರೆ ತಿರುವಿದಾಗ ಅದು ಹೊರಗೆ ಬರುತ್ತದೆ. ಟಿಚ್ ಬಟನ್ನು ಅಷ್ಟು ಸಣ್ಣ ಸೊಂಟಕ್ಕೆ ದಪ್ಪ. ಉತ್ತರಾಣಿಯ ಬೀಜ ಬಟ್ಟೆಗೆ ಕಚ್ಚಿಕೊಳ್ಳುವ ಹಾಗೆ ಕಚ್ಚುವ ವೆಲ್ಕ್ರೋ ಪಟ್ಟಿಯನ್ನು ಈಗಿನ ಗೊಂಬೆಯ ಬಟ್ಟೆಗಳಲ್ಲಿ ಬಹಳವಾಗಿ ಬಳಸುತ್ತಾರೆ, ಪರಂತು ಅದು ತೆಳುವಾದ ರೇಷ್ಮೆಯ ಎಳೆಯನ್ನು ಎಬ್ಬಿಸಿ ಹಾಳುಮಾಡುತ್ತದೆ. ಈ ತೊಡಕು ನಮ್ಮಿಂದ ಬಗೆಹರಿಯದೆ, ಸದ್ಯಕ್ಕೆ ಗುಂಡುಸೂಜಿ ಚುಚ್ಚಿ ಬಿಟ್ಟೆವು.

ಈ ನಡುವೆ ತರಗತಿಯಲ್ಲಿ ಒಂದು ಮಾತು ಬಂದಿತು. ಲಂಗ ತಿರುವುವುದನ್ನು ನೋಡುತ್ತಿದ್ದ ಒಬ್ಬಳು, "ಟೀಚರ್, ಇವಳು ಸಂಜೆ ಮನೆಗೆ ಹೋಗುವುದಿಲ್ಲವೇ?" ಎಂದು ಕೇಳಿದಳು. ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಕಚೇರಿಗೊಂದು ಮುಖ, ಔತಣಕ್ಕೊಂದು ಮುಖ. ಬಸ್ಸಿನಲ್ಲಿ ನಿಂತು ಬಂದು, ಚಪ್ಪಲಿ ಬಿಟ್ಟವಳೇ ಒಲೆಯ ಮುಂದೆ ನಿಲ್ಲುವ ತಾಯಿಯ ಉಡುಪು ಆ ಲಂಗದ ಯಾವ ಪದರದಲ್ಲಿಯೂ ಇರಲಿಲ್ಲ. ಹುಡುಗಿಯರು ಮೂರನೆಯ ಮುಖವನ್ನು ತಾವೇ ಮಾಡಿದರು. ಐದೂವರೆ ಮೀಟರಿನ ಸೀರೆಯನ್ನು ಆರರಿಂದ ಭಾಗಿಸಿದರೆ ೯೨ ಸೆಂಟಿಮೀಟರ್ ಉದ್ದ, ಅಗಲ ೧೯. ಹೊಸ ಬಟ್ಟೆಯ ನೆರಿಗೆಗಳು ಬೀಸಣಿಗೆಯಂತೆ ಸೆಟೆದು ನಿಂತವು. ಅಜ್ಜಿಯೊಬ್ಬರ ಹಳೆಯ ಸೀರೆಯ ತುಂಡನ್ನು ತಂದ ಮೇಲೆ ಮೈಗೆ ಅಂಟಿ ಬಿದ್ದವು. ಸೀರೆಗೆ ಕತ್ತರಿಯೂ ಬೇಡ, ಹೊಲಿಗೆಯೂ ಬೇಡ. ಸೆರಗನ್ನು ಭುಜದ ಮೇಲೆ ಇಳಿಬಿಟ್ಟರೆ ಒಂದು, ಸೊಂಟಕ್ಕೆ ಸಿಕ್ಕಿಸಿದರೆ ಇನ್ನೊಂದು, ಕೊಡಗಿನವರಂತೆ ನೆರಿಗೆಯನ್ನು ಹಿಂದಕ್ಕೆ ಹಾಕಿದರೆ ಮತ್ತೊಂದು. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಪಟ್ಟದ ಗೊಂಬೆಗಳಿಗೆ ಹೊಸದಾಗಿ ಉಡಿಸುವ ಹೆಂಗಸರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಈಗ ನಮ್ಮ ತಪ್ಪಿನ ವಿಷಯ. ಆ ಗೊಂಬೆಯು ಹುಡುಗಿಯದಲ್ಲ, ತಾಯಿಯದು. ತಾಯಿಯು ಚಿಕ್ಕವಳಾಗಿದ್ದಾಗ ಕುವೈತಿನಲ್ಲಿ ದಾದಿಯಾಗಿದ್ದ ಸೋದರತ್ತೆ ತಂದುಕೊಟ್ಟದ್ದು. ಹಾಳಾದೀತೆಂದು ಹಿರಿಯರು ಆಟಕ್ಕೆ ಕೊಡದೆ ಗಾಜಿನ ಕಪಾಟಿನಲ್ಲಿಟ್ಟರು. ಮದುವೆಯಾದ ಮೇಲೂ ಅದು ಗಂಡನ ಮನೆಯ ಗಾಜಿನ ಕಪಾಟಿಗೇ ಹೋಯಿತು. ಹುಡುಗಿ ಅದನ್ನು ಹೇಳದೆ ತೆಗೆದುಕೊಂಡು ಬಂದಿದ್ದಳು. ನಾವು ಕಸಿದುಕೊಂಡ ಮೇಲೆ ಮನೆಯಲ್ಲಿ ಬಾಯಿ ಬಿಡಲು ಹೆದರಿದಳು. ಗೊಂಬೆ ಕಾಣದಾದಾಗ ಸಂಶಯವು ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮೇಲೆ ಬಿದ್ದಿತು. ಯಾರೂ ನೇರವಾಗಿ ಕಳ್ಳಿಯೆನ್ನಲಿಲ್ಲವಂತೆ. ಎರಡು ದಿನ ಕೇಳಿದ್ದನ್ನೇ ಕೇಳಿದರಂತೆ. ಮೂರನೆಯ ದಿನ ಅವಳು ಬರಲಿಲ್ಲ. ಮೂರು ವಾರಗಳ ಬಳಿಕ ಆ ತಾಯಿಯು ಬೇರೆ ಕಾರಣಕ್ಕೆ ಶಾಲೆಗೆ ಬಂದು ನಮ್ಮ ಮೇಜಿನ ಮೇಲೆ ಗೊಂಬೆಯನ್ನು ಕಂಡು ಬಿಳಿಚಿಕೊಂಡರು. ಲಂಗ ತಿರುವುತ್ತದೆಂದು ತೋರಿಸಿದಾಗ, "ಮೇಡಂ, ಇಪ್ಪತ್ತೇಳು ವರ್ಷದಿಂದ ನನ್ನ ಹತ್ತಿರ ಇದೆ, ಒಂದು ಸಲವೂ ಬಿಚ್ಚಿ ನೋಡಿಲ್ಲ," ಎಂದರು. ಗೊಂಬೆಯನ್ನು ಇನ್ನು ಕೆಲವು ದಿನ ತರಗತಿಯಲ್ಲಿಯೇ ಇಟ್ಟುಕೊಳ್ಳಿರೆಂದು ಹೇಳಿ ಹೋದರು. ಮೇಲೆ ಹೇಳಿದ ಹೊಲಿಗೆಯೆಲ್ಲ ನಡೆದದ್ದು ಆ ಬಳಿಕವೇ.

ಆ ಹೆಂಗಸಿನ ಮನೆಗೆ ಹೋಗಬೇಕೆಂದು ಇಬ್ಬರೂ ಅಂದುಕೊಂಡೆವು, ಇಬ್ಬರೂ ಮುಂದೂಡಿದೆವು. ಆಗಸ್ಟ್ ತಿಂಗಳ ಒಂದು ಭಾನುವಾರ ಸಂಜೆ ಅಂತೂ ಹೋದೆವು. ಗೊಂಬೆಯನ್ನೂ ಹುಡುಗಿಯರ ಕರವಸ್ತ್ರದ ಲಂಗವನ್ನೂ ಚೀಲದಲ್ಲಿಟ್ಟುಕೊಂಡಿದ್ದೆವು. ಅವಳು ಹೊಸ್ತಿಲ ಹತ್ತಿರ ಬೆಳಕಿಗೆ ಕುಳಿತು, ಟೈಲರ್ ಅಂಗಡಿಯಿಂದ ತಂದ ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದಳು. ತಾಯಿಯವರು ಅತ್ತರು, ನಾವು ನಮ್ಮ ತಪ್ಪನ್ನು ಹೇಳಿಕೊಂಡೆವು. ಅವಳು ಹೂಂ ಎಂದಳೇ ಹೊರತು ಹೆಚ್ಚೇನೂ ಹೇಳಲಿಲ್ಲ. ಗೊಂಬೆಯನ್ನು ಕೈಗೆ ತೆಗೆದುಕೊಂಡು, ಇಷ್ಟಕ್ಕೇ ಅಷ್ಟೆಲ್ಲ ಆಯಿತೇ ಎಂಬ ಹಾಗೆ ಒಂದು ಗಳಿಗೆ ನೋಡಿದಳು. ಆಮೇಲೆ ನಮ್ಮ ಲಂಗವನ್ನು ತಿರುವಿ, ಒಳಹೊಲಿಗೆಯನ್ನು ಹುಡುಕಿ, ಸೊಂಟದ ಗುಂಡುಸೂಜಿಯನ್ನು ಕಂಡು, "ಇದೇನು, ಮಗುವಿನ ಕೈಗೆ ಚುಚ್ಚುವುದಿಲ್ಲವಾ?" ಎಂದಳು. ಪಕ್ಕದ ಡಬ್ಬಿಯಿಂದ ಸಪೂರ ಟೇಪಿನ ತುಂಡೊಂದನ್ನು ತೆಗೆದು, ಸೊಂಟದ ಬಾಯಿಯನ್ನು ಅದರ ಮಡಿಕೆಯೊಳಗೆ ಕೂಡಿಸಿ ಹೊಲಿದು, ಎರಡು ತುದಿಗಳನ್ನೂ ಲಾಡಿಯಂತೆ ಉದ್ದಕ್ಕೆ ಬಿಟ್ಟಳು. ಲಾಡಿಗೆ ಒಳಹೊರಗಿಲ್ಲ, ಯಾವ ಮುಖ ಮೇಲಾದರೂ ಕಟ್ಟಬಹುದು. ನಮ್ಮ ತರಗತಿಯು ಮೂರು ಶನಿವಾರ ಹುಡುಕಿದ ಉಪಾಯವು ಕಾಲು ಗಂಟೆಯಲ್ಲಿ ಸಿಕ್ಕಿತು.

ತಿರುಗಿ ಕೆಲಸಕ್ಕೆ ಬರಬೇಕೆಂದು ತಾಯಿಯವರು ಕೇಳಿಕೊಂಡರು. ಅವಳು ಲಂಗವನ್ನು ಗೊಂಬೆಗೆ ತೊಡಿಸಿ, ಲಾಡಿಯನ್ನು ಕಟ್ಟಿ, ನಮ್ಮ ಕೈಗೆ ಕೊಟ್ಟಳು.

"ಬೇಡಮ್ಮ," ಎಂದಳು. "ನಾಳೆ ಬೆಳಿಗ್ಗೆಗೆ ಇನ್ನೂ ಹನ್ನೆರಡು ರವಿಕೆ ಮುಗಿಸಬೇಕು." ಮತ್ತೆ ಸೂಜಿಗೆ ದಾರ ಪೋಣಿಸಿಕೊಂಡಳು.